.270ರ ಡೈಯಲ್ಲಿ .280ರ ಕೇಸನ್ನು ಒತ್ತಬಹುದೇ?

.270 ವಿಂಚೆಸ್ಟರ್, .280 ರೆಮಿಂಗ್ಟನ್ ಎರಡೂ ಹೋಲುವ ರೈಫಲ್ ತೋಟಾಗಳು, .270ರ ಡೈ (ಹಾರಿಸಿದ ಕೇಸನ್ನು ಒತ್ತಿ ಮತ್ತೆ ಅಳತೆಗೆ ತರುವ ಅಚ್ಚು) ಕೈಯಲ್ಲಿದೆ, .280ರ ಖಾಲಿ ಕೇಸುಗಳನ್ನು, ಅಂದರೆ ಹಿತ್ತಾಳೆಯ ಕವಚಗಳನ್ನು, ಅದರಲ್ಲೇ ಸೈಜ್ ಮಾಡಬಹುದೇ ಎಂದು ಕೇಳಿದ್ದೀರಿ. ನಾನು ಇದನ್ನೇ ಮಾಡಿದ್ದೆ. ಎರಡೂ .30-06 ಎಂಬ ತೋಟಾದ ವಂಶದವು, ಬುಡದ ಅಳತೆ ಒಂದೇ, ಒತ್ತುವಾಗ ಬುಡವನ್ನು ಹಿಡಿಯುವ ಶೆಲ್ ಹೋಲ್ಡರ್ ಒಂದೇ, ಭುಜದ (ಒಡಲು ಕತ್ತಿಗೆ ಕಿರಿದಾಗುವ ಇಳಿಜಾರಿನ) ಕೋನವೂ 17.5 ಡಿಗ್ರಿಯೇ. ವ್ಯತ್ಯಾಸವೆಲ್ಲ ಕತ್ತಿನಲ್ಲಿದೆ ಎಂದು ನಂಬಿ, .280ರ 0.284 ಇಂಚಿನ ಬುಲೆಟ್ಟಿಗೆ ತಕ್ಕಂತೆ ಕತ್ತನ್ನು ಒಳಗಿನಿಂದ ಹಿಗ್ಗಿಸುವ ಎಕ್ಸ್‌ಪ್ಯಾಂಡರ್ ಹಾಕಿಕೊಂಡು, ಡೈಯನ್ನು ಶೆಲ್ ಹೋಲ್ಡರಿಗೆ ತಾಗುವಷ್ಟು ಇಳಿಸಿ, ಇದ್ದ ಕೇಸುಗಳನ್ನೆಲ್ಲ ಒತ್ತಿಬಿಟ್ಟೆ.

ನಾನು ನೋಡದೆ ಹೋದದ್ದು ಭುಜ ಎಲ್ಲಿದೆ ಎಂಬುದನ್ನು. 1957ರಲ್ಲಿ ಬಂದ .280ರ ಭುಜವನ್ನು, ಅದು .270ರ ಚೇಂಬರಿನೊಳಗೆ (ನಳಿಗೆಯಲ್ಲಿ ತೋಟಾ ಕೂರುವ ಜಾಗಕ್ಕೆ) ಹೋಗಬಾರದೆಂದು, ಸುಮಾರು 0.05 ಇಂಚು ಮುಂದಕ್ಕೆ ಇರಿಸಲಾಗಿದೆ. ನನ್ನ ಡೈ ಆ ಭುಜವನ್ನು ಅಷ್ಟೂ ಹಿಂದಕ್ಕೆ ದೂಡಿತ್ತು. ಬುಡದಲ್ಲಿ ಹೊರಚಾಚಿದ ಅಂಚಿನ (ರಿಮ್) ಆಧಾರವಿಲ್ಲದ ಇಂತಹ ತೋಟಾ ಚೇಂಬರಿನಲ್ಲಿ ನೆಲೆ ನಿಲ್ಲುವುದು ಭುಜದ ಮೇಲೆಯೇ. ಭುಜ ಹಿಂದಿದ್ದರೆ, ಸಿಡಿದ ಕ್ಷಣದಲ್ಲಿ ಕೇಸಿನ ಗೋಡೆ ಚೇಂಬರಿಗೆ ಕಚ್ಚಿಕೊಳ್ಳುತ್ತದೆ, ಬುಡ ಮಾತ್ರ ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟಿನತ್ತ ಹಿಂದೆ ಸರಿಯುತ್ತದೆ, ನಡುವಿನ ಹಿತ್ತಾಳೆ ಜಗ್ಗಿ ತೆಳುವಾಗುತ್ತದೆ.

ಮೊದಲ ಸಲ ಹಾರಿಸಿದಾಗಲೇ ಬುಡದಿಂದ ಸ್ವಲ್ಪ ಮೇಲೆ, ಕೇಸಿನ ಸುತ್ತ ಹೊಳೆಯುವ ತೆಳುವಾದ ಉಂಗುರವೊಂದು ಮೂಡಿತ್ತು. ಅದನ್ನು ಡೈಯ ಗೀರೆಂದು ತಿಳಿದು ಒರೆಸಿ, ಮತ್ತೆ ಮದ್ದು ತುಂಬಿದೆ. ಎರಡನೆಯ ಸಲ ಬೋಲ್ಟ್ ಎಳೆದಾಗ ಕೈಗೆ ಬಂದದ್ದು ಬುಡದ ತುಂಡು ಮಾತ್ರ. ಉಳಿದ ಕೇಸು ಚೇಂಬರಿನಲ್ಲೇ ಸಿಕ್ಕಿಕೊಂಡಿತ್ತು. ಕೆನ್ನೆಗೆ ಬಿಸಿ ಅನಿಲ ತಾಗಿತು, ಕನ್ನಡಕವಿದ್ದುದರಿಂದ ಕಣ್ಣು ಉಳಿಯಿತು. ಆ ಉಂಗುರವನ್ನು ಕಂಡ ದಿನವೇ ನಿಲ್ಲಿಸಿದ್ದರೆ ಇಷ್ಟೂ ಆಗುತ್ತಿರಲಿಲ್ಲ.

ಆದ್ದರಿಂದ "ಹೋಲುವ ತೋಟಾಗಳು" ಎಂಬ ನಿಮ್ಮ ಎಣಿಕೆಯನ್ನೇ ನಾನು ಒಪ್ಪುವುದಿಲ್ಲ. .308ರ ಕೇಸಿನ ಕತ್ತನ್ನು ಕಿರಿದಾಗಿಸಿ .243 ಮಾಡಿಕೊಳ್ಳುವವರ ಮಾತು ಕೇಳಿ ಇದನ್ನು ಊಹಿಸಿದ್ದೀರೇನೋ. ಅಲ್ಲಿ ಎರಡರ ಭುಜವೂ ಒಂದೇ ಜಾಗದಲ್ಲಿದೆ, ಬಳಸುವುದೂ .243ರದೇ ಡೈ. ಡೈಯನ್ನು ತುಸು ಮೇಲೆತ್ತಿ ಒತ್ತಿದರಾಯಿತು ಎಂದು ಹೇಳುವವರೂ ಇದ್ದಾರೆ. ಹಾಗೆ ಮಾಡಿದರೆ ಕೇಸಿನ ಒಡಲು ಪೂರ್ತಿ ಸೈಜ್ ಆಗದೆ ಉಳಿಯುತ್ತದೆ. ಶೆಲ್ ಹೋಲ್ಡರನ್ನು ಹಂಚಿಕೊಳ್ಳಿ, ಸೈಜಿಂಗ್ ಡೈಯನ್ನು .280ರದ್ದೇ ತನ್ನಿ.

ಈಗಾಗಲೇ ಒತ್ತಿ ತುಂಬಿದ ತೋಟಾಗಳಿದ್ದರೆ ಹಾರಿಸಬೇಡಿ, ಬಿಚ್ಚಿಬಿಡಿ. ಹಾರಿಸಿದ ಕೇಸುಗಳಿದ್ದರೆ, ತುದಿ ಬಾಗಿಸಿದ ಸಣ್ಣ ತಂತಿಯನ್ನು ಒಳಗೆ ಇಳಿಸಿ, ಬುಡದ ಕಡೆಯಿಂದ ಗೋಡೆಗುಂಟ ಮೇಲಕ್ಕೆ ಎಳೆಯಿರಿ. ಎಲ್ಲಿಯಾದರೂ ತಗ್ಗಿನಲ್ಲಿ ತುದಿ ಸಿಕ್ಕಿಕೊಂಡಂತಾದರೆ, ಆ ಕೇಸನ್ನು ಜಜ್ಜಿ ಎಸೆಯಿರಿ.