ಮ್ಯೂಸಿಯಂ ವಸ್ತುಗಳ ಮೇಲೇ ನಂಬರ್ ಬರೆಯುತ್ತಾರಲ್ಲ, ಹಾಳಾಗುವುದಿಲ್ಲವೇ?

ಇಲ್ಲ, ಶಾಯಿ ವಸ್ತುವಿಗೆ ತಾಗುವುದೇ ಇಲ್ಲ. ಹಿತ್ತಾಳೆ ಚೊಂಬಾದರೆ ಅದರ ತಳದಲ್ಲಿ, ಅಸಿಟೋನ್ ಎಂಬ ದ್ರಾವಕದಲ್ಲಿ ಕರಗಿಸಿದ ಪ್ಯಾರಲಾಯ್ಡ್ ಬಿ-72 ಎಂಬ ಪಾರದರ್ಶಕ ರಾಳವನ್ನು ಮೊದಲು ತೆಳುವಾಗಿ ಬಳಿಯುತ್ತಾರೆ. ಒಣಗಿದ ಮೇಲೆ ಸಂಖ್ಯೆ, ಅದರ ಮೇಲೆ ಇನ್ನೊಂದು ಲೇಪ. ಶಾಯಿ ಹಸಿಯಿದ್ದಾಗಲೇ ಬಳಿದರೆ ಅಂಕಿ ಕಲಸಿಹೋಗುತ್ತದೆ. ಬೇಡವಾದಾಗ ಅಸಿಟೋನ್ ಅದ್ದಿದ ಹತ್ತಿಯಿಂದ ಒರೆಸಿದರಾಯಿತು.

ಸಾಮಾನ್ಯವಾಗಿ 2024.15.3 ಎಂದರೆ 2024ರಲ್ಲಿ ಬಂದ 15ನೇ ಕೊಡುಗೆಯ 3ನೇ ವಸ್ತು. ಈ ಅಂಕಿ ಅಳಿಸಿದರೆ ಚೊಂಬು ಯಾವ ಪೇಟೆಯ, ಯಾರ ಮನೆಯದೆಂಬ ದಾಖಲೆಯ ಕೊಂಡಿಯೇ ಕಡಿದುಹೋಗುತ್ತದೆ.

ಪ್ಲಾಸ್ಟಿಕ್, ಬಣ್ಣದ ಗೊಂಬೆಗಳಿಗೆ ಈ ವಿಧಾನ ಸಲ್ಲದು. ಅಸಿಟೋನ್ ಅವನ್ನೇ ಕರಗಿಸೀತು. ಸೀರೆಗಾದರೆ ಸಂಖ್ಯೆ ಬರೆದ ಹತ್ತಿ ಪಟ್ಟಿಯನ್ನು ಅಂಚಿಗೆ ಹಗುರಾಗಿ ಹೊಲಿಯುತ್ತಾರೆ, ಹಳೇ ಪತ್ರಗಳ ಹಿಂಬದಿಗೆ ಮೆದು ಪೆನ್ಸಿಲ್. ಸೆಲ್ಲೋಟೇಪ್ ಮಾತ್ರ ಬೇಡವೇ ಬೇಡ: ಕಿತ್ತರೂ ಅಂಟಿನ ಕಲೆ ಉಳಿಯುತ್ತದೆ.