ಚೀಟಿಯಲ್ಲಿ ಪ್ರತಿ ಸಲ 4/5 ಅಂತಲೇ ಬರೆಯುತ್ತಾರೆ, ಅಪ್ಪನಿಗೆ ಔಷಧಿ ಹಿಡಿಯುತ್ತಾ ಉಂಟಾ?

ನಿಮ್ಮ ತಂದೆಗೆ ಸಿಐಡಿಪಿ (ಮೈಯ ರೋಗನಿರೋಧಕ ಶಕ್ತಿಯೇ ನರಗಳ ಹೊದಿಕೆ ಕೆಡಿಸಿ ಕೈಕಾಲಿನ ಬಲ ಕುಗ್ಗಿಸುವ ಕಾಯಿಲೆ), ಮೂರು ವಾರಕ್ಕೊಮ್ಮೆ ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ ಡ್ರಿಪ್) ನಡೆಯುತ್ತಿದೆ, ನಡಿಗೆ ಸುಧಾರಿಸಿದ ಹಾಗೆ ಕಂಡರೂ ಚೀಟಿಯಲ್ಲಿ ಅದೇ 4/5 ಎಂದಿದ್ದೀರಿ. ನಾನು ಮಂಗಳೂರಿನಲ್ಲಿ ಫಿಸಿಯೋಥೆರಪಿಸ್ಟ್. ಎರಡೂ ನಿಜ ಇರಬಹುದು ಮಾರಾಯ್ರೆ.

ಆ 4 ಅಂದರೆ ಎಂಆರ್‌ಸಿ ಗ್ರೇಡ್, ಸ್ನಾಯುವಿನ ಬಲಕ್ಕೆ 0ಯಿಂದ 5ರ ತನಕ ಕೊಡುವ ಅಂಕ. 0 ಅಂದರೆ ಸ್ನಾಯು ಅಲುಗುವುದೇ ಇಲ್ಲ, 3 ಅಂದರೆ ಗುರುತ್ವಕ್ಕೆ ಎದುರಾಗಿ ಎತ್ತಬಹುದು, 5 ಅಂದರೆ ಪೂರ್ತಿ ಬಲ. ತಕರಾರು ಇರುವುದು 4ರಲ್ಲಿ. ನಾನು ಎರಡು ಬೆರಳಲ್ಲಿ ಒತ್ತಿದರೆ ಇಳಿದುಬಿಡುವ ಕಾಲೂ 4, ಮೈಭಾರ ಬಿಟ್ಟು ಒತ್ತಿದಾಗ ಮಾತ್ರ ಸೋಲುವ ಕಾಲೂ 4. ಸುಧಾರಣೆಯೆಲ್ಲ ಇದರೊಳಗೇ ಅಡಗಿ ಕೂರುತ್ತದೆ.

ಅದಕ್ಕೇ ಹಿಡಿತದ ಬಲ ಅಳೆಯುವ ಡೈನಮೋಮೀಟರ್ ಬೇಕು. ಕೂತು, ಮೊಣಕೈ 90 ಡಿಗ್ರಿ ಮಡಚಿ, ಒಂದೊಂದು ಕೈಯಲ್ಲೂ ಮೂರು ಸಲ ಹಿಂಡಿ ಸರಾಸರಿ ಬರೆದಿಡಿ. ಡೈನಮೋಮೀಟರಿನ ಹಿಡಿಕೆಯ ಅಳತೆ ಬದಲಿಸಬೇಡಿ. (ಅಂಗಡಿಯಲ್ಲಿ ಸಿಗುವ ಸ್ಪ್ರಿಂಗ್ ಹ್ಯಾಂಡ್‌ಗ್ರಿಪ್ ವ್ಯಾಯಾಮಕ್ಕೆ ಮಾತ್ರ, ಅಳತೆಗಲ್ಲ.) ಡ್ರಿಪ್ಪಿಗೆ ಹೋಗುವ ದಿನ ಬೆಳಿಗ್ಗೆ ಒಮ್ಮೆ, ಆಮೇಲೆ ವಾರಕ್ಕೊಮ್ಮೆ ಸಾಕು. ಪ್ರತಿ ಸಲ ಡೋಸ್ ಹತ್ತಿರ ಬರುವಾಗ ಅಂಕಿ ಇಳಿದು ಆಮೇಲೆ ಏರುತ್ತಿದ್ದರೆ, ಔಷಧಿ ಹಿಡಿಯುತ್ತಿದೆ, ಆದರೆ ಮುಂದಿನ ಡೋಸಿನ ತನಕ ಬಾಳುತ್ತಿಲ್ಲ ಎಂದರ್ಥ. ಜ್ವರ ಬಂದ ದಿನದ ಒಂದು ಅಂಕಿಗೆ ಹೆದರಬೇಡಿ.

ಬಲ ಒಂದೇ ಸಾಲದು, ಕೆಲಸವನ್ನೂ ನೋಡಿ. ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡು? ಯಾವಾಗಲೂ ಅದೇ ಕುರ್ಚಿ; ತಗ್ಗಿನ ಪ್ಲಾಸ್ಟಿಕ್ ಕುರ್ಚಿಗೆ ಬದಲಾಯಿಸಿದರೆ ಲೆಕ್ಕ ಕೆಡುತ್ತದೆ. ಮಳೆಗಾಲದಲ್ಲಿ ಒದ್ದೆ ಜಗಲಿಯ ಮೇಲಂತೂ ಬೇಡವೇ ಬೇಡ, ಒಬ್ಬರು ಪಕ್ಕದಲ್ಲೇ ನಿಂತಿರಿ. ಐ-ರಾಡ್ಸ್ ಎಂಬ 24 ಪ್ರಶ್ನೆಗಳ ಪಟ್ಟಿಯನ್ನು ನರರೋಗ ತಜ್ಞರ ಬಳಿ ಕೇಳಿ, ದಿನನಿತ್ಯದ ಕೆಲಸಗಳನ್ನೇ ಅದರಲ್ಲಿ ಕೇಳುತ್ತಾರೆ. ನನ್ನಲ್ಲಿಗೆ ಬರುವ ಹಿರಿಯರೊಬ್ಬರ ಗ್ರೇಡ್ ತಿಂಗಳುಗಟ್ಟಲೆ ಕದಲಲಿಲ್ಲ. ಅಂಗಿಯ ಕುತ್ತಿಗೆ ಗುಂಡಿ ಈಗ ಅವರೇ ಹಾಕಿಕೊಳ್ಳುತ್ತಾರೆ, ಸಿಟಿ ಬಸ್ಸಿನ ಎತ್ತರದ ಮೊದಲ ಮೆಟ್ಟಿಲಿಗೆ ಕಂಡಕ್ಟರ್ ಕೈ ಕೊಡಬೇಕಾಗಿಲ್ಲ.

60 ಕೆಜಿ ತೂಕದವರಿಗೆ ಶುರುವಿನ ಡೋಸೇ ಸಾಮಾನ್ಯವಾಗಿ 120 ಗ್ರಾಂ. ದುಬಾರಿ ಮದ್ದು, ಡೋಸುಗಳ ನಡುವಿನ ಅಂತರ ಹೆಚ್ಚಿಸುವ ಆಸೆ ಎಲ್ಲರಿಗೂ ಬರುತ್ತದೆ. ಆ ಮಾತು ಎತ್ತುವಾಗ ಈ ಅಂಕಿಗಳ ಪುಸ್ತಕ ಡಾಕ್ಟರ ಮುಂದಿಡಿ, ನೀವಾಗಿಯೇ ಡೋಸ್ ತಪ್ಪಿಸಬೇಡಿ. ಬಲ ಕೆಲವೇ ದಿನದಲ್ಲಿ ಸರ್ರನೆ ಇಳಿದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ಪುಸ್ತಕ ಬದಿಗಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ.