ಪ್ರೀತಿಸಿದವರು ಇಬ್ಬರು, ರಾಜೀನಾಮೆ ಒಬ್ಬರದು

ಮಾನ್ಯರೇ,

ಬೆಂಗಳೂರಿನ ಖಾಸಗಿ ಕಂಪನಿಯೊಂದರಲ್ಲಿ ದುಡಿಯುತ್ತಿದ್ದ ನೀವು ನಿಮ್ಮದೇ ವಿಭಾಗದ ಮ್ಯಾನೇಜರನ್ನು ಪ್ರೀತಿಸುತ್ತಿರುವುದು ತಿಳಿದೊಡನೆ, ಎಚ್‌.ಆರ್‌. ವಿಭಾಗದವರು ನಿಮ್ಮನ್ನು ಕರೆಸಿ, ಬೇರೆಡೆ ಕೆಲಸ ಸಿಗಬೇಕಾದರೆ ಈಗಲೇ ರಾಜೀನಾಮೆ ಬರೆದುಕೊಡಿ ಎಂದು ಒತ್ತಾಯಿಸಿದರೆಂದೂ, ಆ ಮ್ಯಾನೇಜರ್ ಇಂದಿಗೂ ಅದೇ ಹುದ್ದೆಯಲ್ಲಿದ್ದಾರೆಂದೂ ಬರೆದಿದ್ದೀರಿ. ನಿಯಮ ಇಬ್ಬರಿಗೂ ಒಂದೇ ಅಲ್ಲವೇ ಎಂಬುದು ನಿಮ್ಮ ಪ್ರಶ್ನೆ.

ಇಂಥ ನಿಯಮವೇ ಕೂಡದೆಂದು ನಾನು ಹೇಳಲಾರೆ. ಸಂಬಳ ಹೆಚ್ಚಿಸುವ, ಬಡ್ತಿಗೆ ಶಿಫಾರಸು ಮಾಡುವ ಅಧಿಕಾರ ಒಬ್ಬರ ಕೈಯಲ್ಲಿರುವಾಗ ಉಳಿದ ಸಹೋದ್ಯೋಗಿಗಳಿಗೆ ಅನುಮಾನ ಬರುವುದು ಸಹಜ. ಕೈಕೆಳಗಿನವರು ಒಪ್ಪಿದ್ದು ಮನಸಾರೆಯೋ ಹೆದರಿಯೋ ಎಂಬ ಪ್ರಶ್ನೆಯೂ ಏಳುತ್ತದೆ. ಆದರೆ ಕಾರಣ ಇದೇ ಆದರೆ ಮೊದಲು ಉತ್ತರ ಕೊಡಬೇಕಾದವರು ಅಧಿಕಾರ ಉಳ್ಳವರು. 2019ರಲ್ಲಿ ಮೆಕ್‌ಡೊನಾಲ್ಡ್ಸ್‌ನ ಸ್ಟೀವ್ ಈಸ್ಟರ್‌ಬ್ರೂಕ್, 2025ರಲ್ಲಿ ನೆಸ್ಲೆಯ ಲೋರಾನ್ ಫ್ರೆಕ್ಸ್ ಮುಖ್ಯಸ್ಥರ ಕುರ್ಚಿ ಕಳೆದುಕೊಂಡದ್ದು ಕಂಪನಿಯ ಉದ್ಯೋಗಿಯೊಂದಿಗಿನ ಸಂಬಂಧದ ಕಾರಣಕ್ಕೆ. ನಿಮ್ಮ ಕಂಪನಿ ಇದನ್ನು ತಲೆಕೆಳಗು ಮಾಡಿದೆ. ನಿಮ್ಮಲ್ಲೊಬ್ಬರನ್ನು ಬೇರೆ ವಿಭಾಗಕ್ಕೆ ವರ್ಗಾಯಿಸಿದ್ದರೆ ಮುಗಿಯುತ್ತಿತ್ತು.

ಹೆಣ್ಣಿನ ಖಾಸಗಿ ಬದುಕಿಗೆ ನೌಕರಿಯನ್ನು ತಳಕು ಹಾಕುವ ಚಾಳಿ ನಮ್ಮಲ್ಲಿ ಹಳೆಯದು. ವಿದೇಶಾಂಗ ಸೇವೆಯ ಮಹಿಳೆಯರು ಮದುವೆಗೆ ಮುನ್ನ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು. ಸಂಸಾರ ಕೆಲಸಕ್ಕೆ ಅಡ್ಡಿಯಾಗುತ್ತದೆಂದು ಕಂಡರೆ ರಾಜೀನಾಮೆ ಕೇಳಲೂ ಅವಕಾಶವಿತ್ತು. ಅದೇ ಸೇವೆಯ ಅಧಿಕಾರಿ, ಕೊಡಗಿನ ಸಿ.ಬಿ. ಮುತ್ತಮ್ಮ ಇದನ್ನು ಪ್ರಶ್ನಿಸಿದಾಗ, 1979ರಲ್ಲಿ ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನಿಯಮವನ್ನು ಕಟುವಾಗಿ ಟೀಕಿಸಿದರು. ಎರಡೇ ವರ್ಷಗಳ ನಂತರ, ಆಗ ಸರ್ಕಾರಿ ಸಂಸ್ಥೆಯಾಗಿದ್ದ ಏರ್ ಇಂಡಿಯಾದ ಗಗನಸಖಿಯರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮೊದಲ ಬಸಿರಿಗೇ ಕೆಲಸದಿಂದ ತೆಗೆಯುವ ನಿಯಮವನ್ನು ರದ್ದುಪಡಿಸಿದರೂ, ಸೇವೆಗೆ ಸೇರಿ ನಾಲ್ಕು ವರ್ಷ ಮದುವೆಯಾಗಬಾರದೆಂಬ ನಿಯಮವನ್ನು ಎತ್ತಿಹಿಡಿಯಿತು. (ಈ ಎರಡನೆಯ ಭಾಗವನ್ನು ನನ್ನಿಂದ ಇಂದಿಗೂ ಒಪ್ಪಲಾಗಿಲ್ಲ.) ಮದುವೆಯಾದ ಕಾರಣಕ್ಕೆ 1988ರಲ್ಲಿ ಸೇನಾ ಶುಶ್ರೂಷಾ ಸೇವೆಯಿಂದ ಹೊರಹಾಕಲ್ಪಟ್ಟ ಅಧಿಕಾರಿಗೆ ಅದೇ ನ್ಯಾಯಾಲಯ 60 ಲಕ್ಷ ರೂಪಾಯಿ ಪರಿಹಾರ ಕೊಡಿಸಿದ್ದು 2024ರಲ್ಲಿ.

ಆದರೆ ಅವೆಲ್ಲ ಸರ್ಕಾರದ ಅಥವಾ ಸರ್ಕಾರಿ ಸಂಸ್ಥೆಯ ವಿರುದ್ಧದ ಪ್ರಕರಣಗಳು. ಖಾಸಗಿ ಕಂಪನಿಯ ಮುಂದೆ ಸಂವಿಧಾನದ ಸಮಾನತೆಯ ವಿಧಿಯನ್ನು ನೇರವಾಗಿ ಹಿಡಿದು ನಿಲ್ಲುವುದು ಕಷ್ಟ. ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಆಡಳಿತದ ಹುದ್ದೆಯಲ್ಲಿಲ್ಲದ, ಆರು ತಿಂಗಳು ಸತತವಾಗಿ ದುಡಿದ ನೌಕರರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸನ್ನೋ ಅದರ ಬದಲು ಸಂಬಳವನ್ನೋ ಕೊಡದೆ ತೆಗೆಯುವಂತಿಲ್ಲ. ದುರ್ನಡತೆಯ ಆರೋಪವಾದರೆ ವಿಚಾರಣೆ ನಡೆದು ಸಾಕ್ಷ್ಯ ದಾಖಲಾಗಿರಬೇಕು. ವಜಾ ಪತ್ರದ ಬದಲು ನಿಮ್ಮಿಂದ ರಾಜೀನಾಮೆ ಬರೆಸಿಕೊಂಡದ್ದು ಈ ತೊಡಕನ್ನು ತಪ್ಪಿಸಿಕೊಳ್ಳಲೆಂದೇ ಇರಬೇಕು.

ಬಲವಂತದ ರಾಜೀನಾಮೆಯನ್ನು ವಜಾ ಎಂದೇ ನ್ಯಾಯಾಲಯಗಳು ಪರಿಗಣಿಸಿದ್ದುಂಟು, ಆದರೆ ಬಲವಂತವನ್ನು ಸಾಬೀತುಪಡಿಸುವ ಹೊಣೆ ನಿಮ್ಮದು. ಆದ್ದರಿಂದ ಅಂದು ಯಾರು ಏನೆಂದರೆಂಬುದನ್ನು ನೆನಪಿರುವಾಗಲೇ ಬರೆದಿಡಿ, ಇಮೇಲ್ ಮತ್ತು ವಾಟ್ಸಾಪ್ ಸಂದೇಶಗಳನ್ನು ಅಳಿಸಬೇಡಿ, ರಾಜೀನಾಮೆ ಸ್ವಇಚ್ಛೆಯದಲ್ಲವೆಂದು ಕಂಪನಿಗೆ ಲಿಖಿತವಾಗಿ ತಿಳಿಸಿ. ಬಾಕಿ ಹಣ ಕೊಡುವಾಗ ಯಾವ ತಕರಾರೂ ಇಲ್ಲವೆಂಬ ಪತ್ರವನ್ನು ಮುಂದೆ ಚಾಚುತ್ತಾರೆ. ಅದಕ್ಕೆ ಸಹಿ ಹಾಕುವ ಮೊದಲು, ವಜಾದ ವಿರುದ್ಧ ಆ ಕಾಯ್ದೆಯಡಿ ಮೇಲ್ಮನವಿ ಸಲ್ಲಿಸುವ ಅವಧಿ ಮೀರದಂತೆ, ಕಾರ್ಮಿಕ ಕಾನೂನು ಬಲ್ಲ ವಕೀಲರನ್ನು ಕಾಣಿರಿ.

ಸಂಪಾದಕ